ಪೂಲ್ ಕಾಲ ಒಳ್ಳೇದಿತ್ತಾ, ಫ್ರೀ ಸೇಲ್ ಕಾಲ ಒಳ್ಳೇದಾ?

ನಮ್ಮ ಮನೆಯಲ್ಲಿ ಒಂದು ವಾದ ಮೂವತ್ತು ವರ್ಷದಿಂದ ನಡೆಯುತ್ತಲೇ ಇದೆ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ದೊಡ್ಡಪ್ಪ. ಮೂಡಿಗೆರೆ ಕಡೆ ಇಬ್ಬರಿಗೂ ನಾಲ್ಕು ನಾಲ್ಕು ಎಕರೆ ಕಾಫಿ ತೋಟ. ಅಜ್ಜನ ತೋಟ ಹಿಸ್ಸೆಯಾದಾಗ ಬಂದದ್ದು. ನಡುವೆ ಒಂದು ಬೇಲಿ. ಅದೇ ಮಣ್ಣು, ಅದೇ ಮಳೆ, ಅದೇ ಸಿಲ್ವರ್ ಮರದ ನೆರಳು. ಆದರೂ ಎಲ್ಲರ ಕಾಫಿಯನ್ನೂ ಸರ್ಕಾರದ ಕಾಫಿ ಬೋರ್ಡೇ ಒಟ್ಟಿಗೆ ಮಾರುತ್ತಿದ್ದ ಪೂಲ್ ಕಾಲವೇ ಚೆನ್ನಾಗಿತ್ತು ಅಂತಾರೆ ಅಪ್ಪ. ಪೂಲ್ ಹೋದಮೇಲೆಯೇ ಬೆಳೆಗಾರ ಉಸಿರಾಡಿದ್ದು ಅಂತಾರೆ ದೊಡ್ಡಪ್ಪ.

ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವನು. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. 'ಸರ್, ಕೊನೆಗೂ ಜನಕ್ಕೆ ಒಳ್ಳೇದಾಗಿದ್ದು ಎಡಪಂಥದ ನೀತಿಯಿಂದಲಾ, ಬಲಪಂಥದ ನೀತಿಯಿಂದಲಾ?' ಆಗ ನಾನು ಪುಸ್ತಕ ಮುಚ್ಚಿಟ್ಟು ಈ ಬೇಲಿಯ ಕಥೆ ಹೇಳುತ್ತೇನೆ.

ಮೊದಲು ಮಾತು ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ರಾಜ್ಯದಲ್ಲಿ 'ಎಡ-ಬಲ' ಅಂದರೆ ದಲಿತ ಸಮುದಾಯದ ಒಳಮೀಸಲಾತಿಯ ವಿಷಯವೂ ಹೌದು. ಇಲ್ಲಿ ಹೇಳುತ್ತಿರುವುದು ಅದಲ್ಲ, ಆರ್ಥಿಕ ನೀತಿಯ ಎಡ-ಬಲ. ಸರ್ಕಾರ ಮುಂದೆ ನಿಂತು ಬೆಲೆ, ಭೂಮಿ, ಕೂಲಿ, ಹಂಚಿಕೆ ಇವುಗಳಲ್ಲಿ ಕೈಹಾಕಬೇಕು ಅನ್ನುವುದು ಎಡ. ಸರ್ಕಾರ ರಸ್ತೆ, ಕಾನೂನು ನೋಡಿಕೊಂಡರೆ ಸಾಕು, ಉಳಿದದ್ದನ್ನು ಮಾರುಕಟ್ಟೆಗೆ ಬಿಡಬೇಕು, ತೆರಿಗೆ ಕಡಿಮೆ ಇರಬೇಕು ಅನ್ನುವುದು ಬಲ. ಧರ್ಮ, ಸಂಸ್ಕೃತಿಯ ಎಡ-ಬಲವೂ ಇದೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಈಗ ಪೂಲ್ ಅಂದರೆ ಏನು ಅಂತ ನೋಡೋಣ. ಇವತ್ತಿನ ಹುಡುಗರಿಗೆ ಅದು ಗೊತ್ತಿಲ್ಲ. ಆಗ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಮನೆ ಬಳಕೆಗೆ, ಬೀಜಕ್ಕೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಲೆಕ್ಕಕ್ಕೆ, ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಕೊಡಬೇಕು. ಅಲ್ಲಿ ದರ್ಜೆ ನೋಡಿ ಪಾಯಿಂಟ್ ಹಾಕುತ್ತಿದ್ದರು. ಎಲ್ಲರ ಕಾಫಿಯನ್ನೂ ಬೋರ್ಡೇ ಹರಾಜು ಹಾಕುತ್ತಿತ್ತು, ಒಂದಿಷ್ಟು ದೇಶದೊಳಗೆ, ಒಂದಿಷ್ಟು ಹೊರದೇಶಕ್ಕೆ. ಬಂದ ಹಣವನ್ನು ಪಾಯಿಂಟಿನ ಲೆಕ್ಕದಲ್ಲಿ ಹಂಚುತ್ತಿದ್ದರು. ಕೊಟ್ಟ ಕೂಡಲೇ ಒಂದು ಕಂತು, ಆಮೇಲೆ ಇನ್ನೊಂದು, ಮತ್ತೊಂದು. ಅಪ್ಪನ ಹಳೇ ಲೆಕ್ಕದ ಪುಸ್ತಕ ಇವತ್ತಿಗೂ ಬೀರುವಿನಲ್ಲಿದೆ. ಕೆಂಪು ರಟ್ಟು, ಮೂಲೆಗಳನ್ನು ಗೆದ್ದಲು ತಿಂದಿದೆ. ಅದರಲ್ಲಿ ಒಂದೊಂದು ಬೆಳೆಗೂ ಒಂದೊಂದು ಪುಟ. ಕೆಲವು ಪುಟದಲ್ಲಿ ಕೊನೇ ಕಂತು ಬಂದದ್ದು ಬೆಳೆ ಕೊಟ್ಟು ಎರಡು ವರ್ಷವಾದ ಮೇಲೆ. ಆದರೆ ಬಂದಿದೆ. ಪಕ್ಕದ ದೊಡ್ಡ ಎಸ್ಟೇಟಿನವರಿಗೆ ಪಾಯಿಂಟಿಗೆ ಎಷ್ಟು ಸಿಕ್ಕಿತೋ ನಾಲ್ಕು ಎಕರೆಯ ಅಪ್ಪನಿಗೂ ಅಷ್ಟೇ ಸಿಕ್ಕಿದೆ.

ಇದನ್ನು ಯಾರಾದರೂ ಸಮಾಜವಾದ ಅನ್ನುತ್ತಾರೆ. ಆದರೆ ಇದನ್ನು ಶುರು ಮಾಡಿದ್ದು ಸಮಾಜವಾದಿಗಳಲ್ಲ, ಬ್ರಿಟಿಷ್ ಸರ್ಕಾರ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿ ತೋಟಗಳು ಮುಳುಗುವ ಹಾಗಾದಾಗ ಬೆಳೆಗಾರರನ್ನು ಉಳಿಸಲು ತಂದ ವ್ಯವಸ್ಥೆ ಇದು. 1942ರ ಕಾಯ್ದೆ ಅದಕ್ಕೆ ಗಟ್ಟಿ ರೂಪ ಕೊಟ್ಟಿತು. ಸ್ವಾತಂತ್ರ್ಯ ಬಂದಮೇಲೂ ಅದೇ ಮುಂದುವರಿಯಿತು.

1992ರಿಂದ ಹಂತ ಹಂತವಾಗಿ ಇದನ್ನು ಬಿಚ್ಚಿದರು. ಮೊದಲು ಒಂದು ಪಾಲು ಕಾಫಿಯನ್ನು ಹೊರಗೆ ಮಾರಬಹುದು ಅಂದರು. ಇದಕ್ಕೇ ಫ್ರೀ ಸೇಲ್ ಅನ್ನುವುದು. ಆಮೇಲೆ ಪಾಲು ಹೆಚ್ಚಿಸಿದರು. ಸಣ್ಣ ಬೆಳೆಗಾರರಿಗೆ ಮೊದಲು ಪೂರ್ತಿ ಬಿಟ್ಟರು. 1996ರಲ್ಲಿ ಎಲ್ಲರಿಗೂ ಬಿಟ್ಟರು. ಅಲ್ಲಿಗೆ ಪೂಲ್ ಮುಗಿಯಿತು.

ಹೀಗೆ ಬಿಚ್ಚುತ್ತಿರುವಾಗಲೇ ಏನಾಯಿತು? ಬೆಲೆ ಹಾರಿತು. ಮಲೆನಾಡಿನ ಪೇಟೆಗಳಲ್ಲಿ ಹೊಸ ಜೀಪು, ಹೊಸ ಮನೆ, ಮದುವೆಯ ಚಪ್ಪರ ಎಲ್ಲ ದೊಡ್ಡದಾದವು. ನೋಡಿ, ಮಾರುಕಟ್ಟೆಗೆ ಬಿಟ್ಟರೆ ಹೀಗಾಗುತ್ತದೆ ಅಂದರು ದೊಡ್ಡಪ್ಪ. ಅವರ ಮಾತನ್ನು ಅಲ್ಲಗಳೆಯಲು ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆದರೆ 1994ರ ಜೂನ್-ಜುಲೈಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಬ್ರೆಜಿಲ್‌ನಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು. ಕೆಲವೇ ವಾರದಲ್ಲಿ ಜಗತ್ತಿನ ಕಾಫಿ ಬೆಲೆ ದುಪ್ಪಟ್ಟಾಯಿತು. ಪೂಲ್ ಇದ್ದಿದ್ದರೂ ಬೆಲೆ ಏರುತ್ತಿತ್ತು. ಬೆಳೆಗಾರನ ಕೈಗೆ ಎಷ್ಟು ಬೇಗ, ಎಷ್ಟು ಪಾಲು ಬರುತ್ತಿತ್ತು ಅನ್ನುವುದು ಬೇರೆ ಪ್ರಶ್ನೆ. ಏರಿಕೆಯ ಪೂರ್ತಿ ಹೆಸರು ನೀತಿಗೆ ಹೋಯಿತು, ಹಿಮಕ್ಕೆ ಹೋಗಲಿಲ್ಲ.

2001ರ ಹೊತ್ತಿಗೆ ಇದೇ ಕಥೆ ತಿರುಗಾಮುರುಗಾ ಆಯಿತು. ಬೆಲೆ ಹಲವು ದಶಕಗಳಲ್ಲೇ ಕಾಣದಷ್ಟು ಕುಸಿಯಿತು. ಕೊಯ್ಲಿನ ಕೂಲಿಯೂ ಹುಟ್ಟದು ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟ ತೋಟಗಳನ್ನು ನಾನೇ ನೋಡಿದ್ದೇನೆ. ಪೂಲ್ ಇದ್ದಿದ್ದರೆ ಹೀಗಾಗುತ್ತಿತ್ತಾ ಅಂತ ಅಪ್ಪ ಕೇಳಿದರು. ಅದಕ್ಕೂ ಹೊರಗಿನ ಕಾರಣ ಇತ್ತು. ದೇಶ ದೇಶಗಳ ನಡುವೆ ರಫ್ತಿನ ಕೋಟಾ ಹಂಚುತ್ತಿದ್ದ ಒಪ್ಪಂದ 1989ರಲ್ಲಿ ಮುರಿದುಬಿದ್ದಿತ್ತು. ನಮ್ಮ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಅತ್ತ ವಿಯೆಟ್ನಾಂ ರೋಬಸ್ಟಾ ಜಾತಿಯ ಕಾಫಿ ಬೆಳೆದು ಬೆಳೆದು ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದಿತ್ತು. ಆ ವಿಯೆಟ್ನಾಂ ಆಳುತ್ತಿರುವುದು ಕಮ್ಯುನಿಸ್ಟ್ ಪಕ್ಷ. ಅದೇ ಪಕ್ಷ 1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದಿತ್ತು. ಇಲ್ಲಿ ಮೂಡಿಗೆರೆಯಲ್ಲಿ ಕಾಫಿ ಬೆಲೆ ಬಿದ್ದದ್ದರಲ್ಲಿ ಕಮ್ಯುನಿಸ್ಟರ ಪಾಲೂ ಇದೆ, ಮುಕ್ತ ಮಾರುಕಟ್ಟೆಯ ಪಾಲೂ ಇದೆ. ಯಾವ ಖಾತೆಗೆ ಬರೆಯುತ್ತೀರಿ?

ಇದೇ ಗೊಂದಲ ದೊಡ್ಡ ದೇಶಗಳ ಲೆಕ್ಕದಲ್ಲೂ ಇದೆ. ಅಮೆರಿಕದ ಬ್ಲೈಂಡರ್ ಮತ್ತು ವಾಟ್ಸನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡನೇ ಮಹಾಯುದ್ಧದ ನಂತರದ ಅಧ್ಯಕ್ಷರ ಕಾಲವನ್ನೆಲ್ಲ ಅಳೆದರು. ಸ್ವಲ್ಪ ಎಡಕ್ಕಿರುವ ಡೆಮಾಕ್ರಾಟರ ಕಾಲದಲ್ಲಿ ಆರ್ಥಿಕತೆ ವರ್ಷಕ್ಕೆ ಸರಾಸರಿ 4.33% ಬೆಳೆದಿತ್ತು. ಬಲಕ್ಕಿರುವ ರಿಪಬ್ಲಿಕನ್ನರ ಕಾಲದಲ್ಲಿ 2.54%. ದೊಡ್ಡ ಅಂತರ. ಎಡದವರು ಗೆದ್ದರು ಅಂತ ಇಲ್ಲಿಗೇ ಓದು ನಿಲ್ಲಿಸಿದವರು ತುಂಬ ಜನ. ಆದರೆ ಅದೇ ಅಧ್ಯಯನ ಮುಂದೆ ಹೋಗಿ ಕಾರಣ ಹುಡುಕಿತು. ಸರ್ಕಾರದ ಖರ್ಚು, ಬಡ್ಡಿ ದರದ ನೀತಿ ಈ ಅಂತರಕ್ಕೆ ಕಾರಣ ಅಲ್ಲ ಅಂತ ಕಂಡಿತು. ಎಣ್ಣೆ ಬೆಲೆಯ ಹೊಡೆತ ಯಾರ ಕಾಲದಲ್ಲಿ ಕಡಿಮೆ ಬಿತ್ತು, ಉತ್ಪಾದಕತೆ ಯಾರ ಕಾಲದಲ್ಲಿ ಹೆಚ್ಚಿತು, ಹೊರದೇಶದ ಪರಿಸ್ಥಿತಿ ಯಾರಿಗೆ ಅನುಕೂಲವಾಗಿತ್ತು, ಇದರಲ್ಲೇ ಸುಮಾರು ಅರ್ಧ ಉತ್ತರ ಇತ್ತು. ಅಂದರೆ ಅಲ್ಲಿಯೂ ಒಂದು ಬ್ರೆಜಿಲ್ ಹಿಮ ಇತ್ತು.

ಇನ್ನು ಯಾವ ಪಕ್ಷ ಯಾವ ನೀತಿ ತಂದಿತು ಅಂತ ನೋಡಲು ಹೋದರೆ ತಲೆ ಇನ್ನೂ ಕೆಡುತ್ತದೆ. ಕಾಫಿಯನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟ 1996ರಲ್ಲಿ ಪ್ರಧಾನಿಯಾಗಿದ್ದವರು ನಮ್ಮ ಹಾಸನದ ಎಚ್.ಡಿ. ದೇವೇಗೌಡರು. ಆ ಸಂಪುಟದಲ್ಲಿ ಕಮ್ಯುನಿಸ್ಟ್ ಪಕ್ಷವಾದ ಸಿಪಿಐಯವರೇ ಗೃಹಮಂತ್ರಿ. ಹಾಸನದ ಹಾಲಿನ ಕಥೆಯೂ ಹೀಗೆಯೇ. ಚನ್ನರಾಯಪಟ್ಟಣ ಕಡೆ ಕೊಟ್ಟಿರುವ ನನ್ನ ಅಕ್ಕ ನಾಲ್ಕು ಹಸು ಕಟ್ಟಿದ್ದಾಳೆ. ಡೇರಿ ಬಟವಾಡೆಯ ಜೊತೆಗೆ ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನವೂ ಬರುತ್ತದೆ. ಇದನ್ನು 2008ರಲ್ಲಿ 2 ರೂಪಾಯಿಯಿಂದ ಶುರು ಮಾಡಿದ್ದು ಬಿಜೆಪಿ ಸರ್ಕಾರ. 2013ರಲ್ಲಿ 4 ರೂಪಾಯಿ, ಆಮೇಲೆ 5 ರೂಪಾಯಿ ಮಾಡಿದ್ದು ಕಾಂಗ್ರೆಸ್ ಸರ್ಕಾರ. ಡೇರಿ ಸರ್ಕಾರದ್ದೂ ಅಲ್ಲ, ಸಾಹುಕಾರನದ್ದೂ ಅಲ್ಲ, ಹಾಲು ಹಾಕುವವರ ಸಹಕಾರ ಸಂಘ. ಆದರೆ ಪ್ಯಾಕೆಟ್ ಮಾರಾಟ ಆಗಬೇಕಾದ್ದು ಬೆಂಗಳೂರಿನ ಪೈಪೋಟಿಯ ಮಾರುಕಟ್ಟೆಯಲ್ಲಿ. ಅಕ್ಕನ ಹಸುವಿನ ಹಾಲು ಎಡವಾ, ಬಲವಾ? ಅವಳಿಗೆ ಆ ಪ್ರಶ್ನೆಯೇ ಇಲ್ಲ. ಬಟವಾಡೆ ಹೊತ್ತಿಗೆ ಸರಿಯಾಗಿ ಆಗುತ್ತಾ, ಹಿಂಡಿ ಬೆಲೆ ಎಷ್ಟಾಯಿತು, ಇವೇ ಅವಳ ಪ್ರಶ್ನೆ. ನನಗೂ ಅವೇ ಸರಿಯಾದ ಪ್ರಶ್ನೆ ಅನಿಸುತ್ತದೆ.

ಹಾಗಾದರೆ ನೀತಿಯ ಪರಿಣಾಮ ತಿಳಿಯಲು ಆಗುವುದೇ ಇಲ್ವಾ? ಆಗುತ್ತದೆ. ಬೇಲಿಯ ಎರಡೂ ಬದಿ ನೋಡಬೇಕು ಅಷ್ಟೇ. ಹವಾಮಾನ, ಬೆಲೆ, ಕಾಲ ಎಲ್ಲ ಒಂದೇ ಇದ್ದು ನೀತಿ ಮಾತ್ರ ಬೇರೆ ಇರುವ ಎರಡು ಜಾಗ ಸಿಕ್ಕರೆ ಉತ್ತರಕ್ಕೆ ಹತ್ತಿರ ಹೋಗಬಹುದು.

ಅಂಥ ಒಂದು ಅವಕಾಶ ಉದ್ಯೋಗ ಖಾತ್ರಿಯಿಂದ ಸಿಕ್ಕಿತು. 2005ರ ಆ ಕಾಯ್ದೆಯನ್ನು ದೇಶದಲ್ಲಿ ಒಂದೇ ದಿನ ಜಾರಿ ಮಾಡಲಿಲ್ಲ. 2006ರಲ್ಲಿ ಒಂದಷ್ಟು ಜಿಲ್ಲೆ, ಕರ್ನಾಟಕದಲ್ಲಿ ರಾಯಚೂರು, ಬೀದರ್, ಚಿತ್ರದುರ್ಗದಂಥವು. 2007ರಲ್ಲಿ ಎರಡನೇ ಹಂತ, ಹಾಸನ ಮತ್ತು ಚಿಕ್ಕಮಗಳೂರು ಸೇರಿದ್ದು ಆಗ. ಉಳಿದ ಜಿಲ್ಲೆಗಳಿಗೆ 2008ರಲ್ಲಿ. ಮೊದಲು ಬಂದ ಜಿಲ್ಲೆ, ತಡವಾಗಿ ಬಂದ ಜಿಲ್ಲೆ ಎರಡನ್ನೂ ಹೋಲಿಸಿ ಇಂಬರ್ಟ್ ಮತ್ತು ಪ್ಯಾಪ್ ಅನ್ನುವವರು ಲೆಕ್ಕ ಹಾಕಿದರು. ಬೇಸಿಗೆಯ ದಿನಗಳಲ್ಲಿ ಖಾಸಗಿ ಕೂಲಿ ಸುಮಾರು 4.7% ಏರಿತ್ತು. ಖಾತ್ರಿ ಕೆಲಸಕ್ಕೆ ಹೋಗದವರಿಗೂ ಅದರ ಲಾಭ ತಟ್ಟಿತ್ತು.

ಇದು ಒಳ್ಳೇ ಫಲಿತಾಂಶವಾ, ಕೆಟ್ಟ ಫಲಿತಾಂಶವಾ? ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು.

ನಮ್ಮೂರ ಕಡೆ ಕೊಯ್ಲಿನ ಹೊತ್ತಿಗೆ ಎಲ್ಲಿ ಕೂತರೂ ಒಂದೇ ಮಾತು. ಆಳು ಸಿಗಲ್ಲ. ಅಕ್ಕಿ ಪುಕ್ಕಟೆ, ಮನೆಯೊಡತಿಗೆ ತಿಂಗಳಿಗೆ 2000, ಬಸ್ಸು ಫ್ರೀ, ಇನ್ಯಾಕೆ ಬರ್ತಾರೆ? ಅಪ್ಪ, ದೊಡ್ಡಪ್ಪ ಇಬ್ಬರೂ ಒಪ್ಪುವ ಒಂದೇ ವಿಷಯ ಇದು. ಸಣ್ಣ ಬೆಳೆಗಾರನ ಕಷ್ಟ ಸುಳ್ಳಲ್ಲ. ಹಣ್ಣು ಕೊಯ್ಯುವವರಿಲ್ಲದೆ ಉದುರಿದರೆ ಬೊಗಸೆಯಲ್ಲಿ ನೆಲದಿಂದ ಆರಿಸಬೇಕು. ಆ ಕಷ್ಟ ನಾನೂ ಪಟ್ಟಿದ್ದೇನೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಲೈನ್ ಮನೆಯಿಂದ, ಅಂದರೆ ಎಸ್ಟೇಟಿನ ಕೆಲಸದವರ ಸಾಲುಮನೆಯಿಂದ ಬರುತ್ತಿದ್ದಳು. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಒಂದು ದಿನ ಇದೇ ಮಾತು ಬಂದಾಗ ಎದ್ದು ನಿಂತು ಹೇಳಿದಳು. 'ಸರ್, ಮೊದಲು ಮನೆಯಲ್ಲಿ ಅಕ್ಕಿ ಇಲ್ಲದ ದಿನ ಅಮ್ಮ ಜ್ವರ ಇದ್ರೂ ಹೋಗ್ತಿದ್ರು. ಈಗ ಜ್ವರ ಬಂದ್ರೆ ಮಲಗ್ತಾರೆ. ಅಷ್ಟೇ ಸರ್ ವ್ಯತ್ಯಾಸ.' ಇಡೀ ತರಗತಿ ಸುಮ್ಮನಾಯಿತು. ನನಗೂ ಆ ದಿನ ಮುಂದೆ ಪಾಠ ಮಾಡಲಾಗಲಿಲ್ಲ.

ಒಂದೇ ಸಂಗತಿ. ಬೆಳೆಗಾರನ ಪುಸ್ತಕದಲ್ಲಿ ಅದು ಖರ್ಚು, ಆ ತಾಯಿಯ ಪುಸ್ತಕದಲ್ಲಿ ವಿಶ್ರಾಂತಿ. ಯಾವ ನೀತಿ 'ಉತ್ತಮ ಫಲಿತಾಂಶ' ಕೊಡುತ್ತದೆ ಅಂತ ಕೇಳುವಾಗ ಯಾರ ಪುಸ್ತಕ ತೆರೆದಿದ್ದೇವೆ ಅಂತ ಹೇಳದಿದ್ದರೆ ಪ್ರಶ್ನೆಯೇ ಅರ್ಧ. ಜಿಡಿಪಿ ಅಳೆಯುವವರಿಗೆ ಒಂದು ಉತ್ತರ ಸಿಗುತ್ತದೆ, ಶಿಶುಮರಣ ಅಳೆಯುವವರಿಗೆ ಇನ್ನೊಂದು. ಜೊತೆಗೆ ಇನ್ನೊಂದು ಮಾತು. ಆಳು ಸಿಗಲ್ಲ ಅನ್ನುವ ಗೋಳು ಗ್ಯಾರಂಟಿ ಯೋಜನೆಗಳಿಗಿಂತ ಎಷ್ಟೋ ಹಳೆಯದು. ಬೆಂಗಳೂರು ಬೆಳೆದದ್ದು, ಲೈನಿನ ಮಕ್ಕಳು ಶಾಲೆಗೆ ಹೋದದ್ದು ಇದರಲ್ಲಿ ಸೇರಿದೆ. ಅಸ್ಸಾಮಿನಿಂದ ಕೆಲಸದವರು ನಮ್ಮ ತೋಟಕ್ಕೆ ಬರತೊಡಗಿದ್ದೂ ಗ್ಯಾರಂಟಿ ಬಂದ 2023ಕ್ಕಿಂತ ಮೊದಲೇ.

ಲೈನ್ ಮನೆ ಅಂದೆನಲ್ಲ, ಅದರ ಹಿಂದೆಯೂ ಒಂದು ಕಾನೂನು ಇದೆ. 1951ರ ತೋಟ ಕಾರ್ಮಿಕರ ಕಾಯ್ದೆ. ಮನೆ, ಕುಡಿಯುವ ನೀರು, ಔಷಧಿ, ಕೂಸುಗಳಿಗೆ ಶಿಶುಗೃಹ ಎಲ್ಲ ಮಾಲೀಕರು ಕೊಡಬೇಕು ಅಂದಿತು. ತಿದ್ದುಪಡಿಯಾದ ಮೇಲೂ ಅದು ಅನ್ವಯಿಸುತ್ತಿದ್ದದ್ದು ಕನಿಷ್ಠ 5 ಹೆಕ್ಟೇರ್ ಇರುವ, ಕನಿಷ್ಠ 15 ಜನ ಕೆಲಸದವರಿರುವ ತೋಟಕ್ಕೆ. ನಮ್ಮಂಥ ನಾಲ್ಕು ಎಕರೆಗೆ ಕೆಲಸಕ್ಕೆ ಬರುವವರಿಗೆ ಆ ರಕ್ಷಣೆ ಇರಲೇ ಇಲ್ಲ. ಕಾನೂನಿನ ಗೆರೆ ಎಲ್ಲಿ ಎಳೆಯುತ್ತಾರೋ ಫಲವೂ ಅಲ್ಲೇ ನಿಲ್ಲುತ್ತದೆ.

ಭೂಸುಧಾರಣೆಯಲ್ಲಿ ಆ ಗೆರೆ ನಮ್ಮ ಗುಡ್ಡದ ಮೇಲೆಯೇ ಹಾದುಹೋಯಿತು. ದೇವರಾಜ ಅರಸು ಕಾಲದ ಕಾನೂನು 1974ರ ಮಾರ್ಚ್ 1ರಿಂದ ಗೇಣಿ ಜಮೀನನ್ನು ಉಳುವವನಿಗೆ ಕೊಟ್ಟಿತು. ಏಳನೇ ನಂಬರ್ ಫಾರಂ ಹಾಕಿದವರಿಗೆ ಭೂನ್ಯಾಯಮಂಡಳಿ ಜಮೀನು ಬರೆದುಕೊಟ್ಟಿತು. ಆದರೆ ಕಾಫಿಯಂಥ ತೋಟಗಳಿಗೆ ವಿನಾಯಿತಿ. ಹಾಗಾಗಿ ಕೆಳಗಿನ ಗದ್ದೆ ಕೈ ಬದಲಾಯಿತು, ಮೇಲಿನ ತೋಟ ಹಾಗೇ ಉಳಿಯಿತು. ಬೇರೆ ರಾಜ್ಯಗಳ ಅನುಭವವೂ ನಮ್ಮ ಮುಂದಿದೆ. ಬೆಸ್ಲಿ ಮತ್ತು ಬರ್ಗೆಸ್ ಅನ್ನುವವರು 1958ರಿಂದ 1992ರವರೆಗಿನ ಭಾರತದ ರಾಜ್ಯಗಳ ಲೆಕ್ಕ ನೋಡಿದಾಗ ಗೇಣಿ ಸುಧಾರಣೆ ಮಾಡಿದ ಕಡೆ ಹಳ್ಳಿಯ ಬಡತನ ಇಳಿದಿತ್ತು. ಪಶ್ಚಿಮ ಬಂಗಾಳದಲ್ಲಿ ಎಡ ಸರ್ಕಾರ 1978ರ ನಂತರ ಗೇಣಿದಾರರ ಹೆಸರು ದಾಖಲಿಸಿದಾಗ ಬೆಳೆಯ ಇಳುವರಿಯೂ ಏರಿತು ಅಂತ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ತೋರಿಸಿದರು. ಹೊಲ ತನ್ನದು ಅನ್ನುವ ಭರವಸೆ ಇದ್ದವನು ಹೆಚ್ಚು ದುಡಿಯುತ್ತಾನೆ. ಇದು ಎಡ ನೀತಿಯ ಗೆಲುವು. ಒಳಗಿರುವ ತರ್ಕ ಮಾತ್ರ ಆಸ್ತಿ ಹಕ್ಕಿನದು, ಬಲದವರು ಸದಾ ಹೇಳುವುದು. ಅದೇ ಬಂಗಾಳದ ಎಡ ಸರ್ಕಾರ 34 ವರ್ಷ ಆಳಿಯೂ ಕಾರ್ಖಾನೆಗಳನ್ನು ಉಳಿಸಿಕೊಳ್ಳಲಿಲ್ಲ. ಹೊಲದಲ್ಲಿ ಗೆದ್ದವರು ಪಟ್ಟಣದಲ್ಲಿ ಸೋತರು.

ಕೇರಳದ ಮಾತು ಬಂದೇ ಬರುತ್ತದೆ. 2020ರ ಲೆಕ್ಕದಲ್ಲಿ ಸಾವಿರ ಶಿಶುಗಳಿಗೆ ಅಲ್ಲಿ ಸಾಯುತ್ತಿದ್ದದ್ದು 6, ದೇಶದ ಸರಾಸರಿ 28. ಎಡದವರು ಇದನ್ನು ಎತ್ತಿ ಹಿಡಿಯುತ್ತಾರೆ, ಹಿಡಿಯಬೇಕಾದ್ದೇ. ಆದರೆ ಅಲ್ಲಿ ದಶಕಗಟ್ಟಲೆ ಎಡದವರ ಕೂಟ, ಕಾಂಗ್ರೆಸ್ಸಿನ ಕೂಟ ಎರಡೂ ಸರದಿಯಲ್ಲಿ ಆಳಿವೆ. ಶಾಲೆಯ ಬೇರು ತಿರುವಾಂಕೂರು ರಾಜರ ಕಾಲದ್ದು. ಓದಿದ ಮಕ್ಕಳಿಗೆ ಊರಲ್ಲಿ ಕೆಲಸ ಸಿಗದೆ ಗಲ್ಫಿಗೆ ಹೋದದ್ದೂ ಅದೇ ಕೇರಳದ ಕಥೆ. ಕಮ್ಯುನಿಸ್ಟರು ಒಮ್ಮೆಯೂ ಆಳದ ತಮಿಳುನಾಡು ಕೂಡ ಶಾಲೆಯ ಊಟ, ಆಸ್ಪತ್ರೆಯಲ್ಲಿ ಮುಂದಿದೆ.

ತೀರಾ ತುದಿಗೆ ಹೋದರೆ ಉತ್ತರ ಸ್ಪಷ್ಟ, ಅದನ್ನು ಮುಚ್ಚಿಡಬಾರದು. ಎಲ್ಲವನ್ನೂ ಸರ್ಕಾರವೇ ಹಿಡಿದುಕೊಂಡ ಕಡೆ ಜನ ಸೊರಗಿದರು. ಚೀನಾದ ಶಿಯಾವೊಗಾಂಗ್ ಹಳ್ಳಿಯಲ್ಲಿ 1978ರಲ್ಲಿ 18 ಮನೆಯವರು ಗುಟ್ಟಾಗಿ ಹೆಬ್ಬೆಟ್ಟು ಒತ್ತಿ ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡರು. ಸಿಕ್ಕಿಬಿದ್ದರೆ ಜೈಲು. ಮರುವರ್ಷದ ಬೆಳೆ ಹಲವು ಪಟ್ಟು ಹೆಚ್ಚಾಯಿತು. ಆದರೆ ಬರೀ ಮಾರುಕಟ್ಟೆಯೇ ಎಲ್ಲ ಮಾಡುತ್ತದೆ ಅನ್ನುವವರನ್ನು ನಾನು ಬಾಳೆಹೊನ್ನೂರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸರ್ಕಾರದ ದುಡ್ಡಿನಿಂದ ಶುರುವಾದದ್ದು. ಎಲೆ ತುಕ್ಕು ರೋಗವನ್ನು ತಾಳಿಕೊಳ್ಳುವ ಸೆಲೆಕ್ಷನ್ 795 ತಳಿ ಹೊರಬಂದದ್ದು ಅಲ್ಲಿಂದ. ಒಂದು ತಳಿ ಪರೀಕ್ಷಿಸಿ ಬಿಡಲು ವರ್ಷಗಟ್ಟಲೆ ಬೇಕು. ನಾಲ್ಕು ಎಕರೆಯವನು ಅಷ್ಟು ಕಾಯಲು ಸಾಧ್ಯವಾ? ವ್ಯಾಪಾರಿ ಯಾಕೆ ಕಾಯುತ್ತಾನೆ?

ಕಾಯುವುದು. ನನ್ನ ಲೆಕ್ಕದಲ್ಲಿ ಇಡೀ ವಿಷಯದ ಕೀಲಿ ಈ ಮಾತಿನಲ್ಲಿದೆ. 1994ರ ಕಥೆಗೆ ವಾಪಸ್ ಹೋಗುತ್ತೇನೆ. ಆ ವರ್ಷ ಹೊರಗೆ ಮಾರಬಹುದಾಗಿದ್ದ ಪಾಲನ್ನು ಅಪ್ಪ ಫೆಬ್ರವರಿಯಲ್ಲೇ ಕಣದಿಂದ ಎತ್ತಿ ಕೊಟ್ಟರು. ಸೊಸೈಟಿ ಸಾಲ, ಅಕ್ಕನ ಮದುವೆ, ನನ್ನ ಫೀಸು. ದೊಡ್ಡಪ್ಪನಿಗೆ ಹಾಸನದಲ್ಲಿ ಸಂಬಳದ ಕೆಲಸ ಇತ್ತು. ಚೀಲಗಳನ್ನು ಅಟ್ಟದ ಕೋಣೆಯಲ್ಲಿ ಪೇರಿಸಿಟ್ಟರು. ಜುಲೈಯಲ್ಲಿ ಬ್ರೆಜಿಲ್ ಹಿಮದ ಸುದ್ದಿ ಬಂದಮೇಲೆ ಮಾರಿದರು. ಒಂದೇ ನೀತಿ, ಒಂದೇ ವರ್ಷ, ಒಂದೇ ಬೇಲಿ. ಕಾಯುವ ಶಕ್ತಿ ಇದ್ದವರಿಗೆ ಫ್ರೀ ಸೇಲ್ ವರ, ಇಲ್ಲದವರಿಗೆ ಅದರ ಲಾಭ ಮುಟ್ಟಲೇ ಇಲ್ಲ. ಮುಂದೆ ಒಂದು ವರ್ಷ ಅಪ್ಪನ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಒಯ್ದ ವ್ಯಾಪಾರಿಯೊಬ್ಬ ಅರ್ಧ ದುಡ್ಡು ಕೊಟ್ಟು ಅಂಗಡಿಯನ್ನೇ ಮುಚ್ಚಿದ. ಪೂಲಿನ ಕಂತು ತಡವಾದರೂ ಬರುತ್ತಿತ್ತು, ಈ ದುಡ್ಡು ಬರಲೇ ಇಲ್ಲ. ಇತ್ತ ದೊಡ್ಡಪ್ಪ ಹೇಳುವುದೂ ನಿಜ. ಪೂಲ್ ಕಾಲದಲ್ಲಿ ಒಳ್ಳೇ ಕಾಫಿ ಮಾಡಿದವನಿಗೆ ತನ್ನ ಹೆಸರಲ್ಲಿ ಮಾರುವ ದಾರಿಯೇ ಇರಲಿಲ್ಲ. ಇವತ್ತು ಅವರ ಮಗ ತೋಟದ ಹೆಸರು ಹಾಕಿ ಪುಡಿ ಮಾರುತ್ತಿದ್ದಾನೆ.

ಹಾಗಾಗಿ ಹೊಸ ನೀತಿ ಬಂದಾಗ ನಾನು ಮಕ್ಕಳಿಗೆ ಕೇಳಲು ಹೇಳುವುದು ಇಷ್ಟು. ನಷ್ಟ ಬಂದರೆ ಯಾರ ತಲೆ ಮೇಲೆ ಬೀಳುತ್ತದೆ? ಕಾಯಲಾಗದವನಿಗೆ ಏನು ಆಸರೆ ಇದೆ? ದುಡಿಯುವವನ ಉತ್ಸಾಹಕ್ಕೆ ಅಡ್ಡಿ ಎಲ್ಲಿ ಬರುತ್ತದೆ? ಇದು ಬಾರದಿದ್ದ ಕಡೆ ಅದೇ ಹೊತ್ತಿಗೆ ಏನಾಯಿತು?

ಈಚಿನ ವರ್ಷಗಳಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಮಳೆ ಕೊರತೆ. ಮೊನ್ನೆ ಕಣದಲ್ಲಿ ಚೆರಿ ಹರವುತ್ತಾ ಇಬ್ಬರೂ ಮತ್ತೆ ಅದೇ ವಾದಕ್ಕೆ ಇಳಿದಿದ್ದರು. 'ಅಣ್ಣ, ಈ ಸಲನಾದ್ರೂ ಇದು ಫ್ರೀ ಸೇಲಿಂದ ಬಂತು ಅನ್ನಬೇಡ' ಅಂದರು ಅಪ್ಪ. ದೊಡ್ಡಪ್ಪ ಕೈಯಲ್ಲಿದ್ದ ಹರಗಿ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು. 'ನೀನು ಈ ಸಲ ಎಷ್ಟು ಚೀಲ ಇಟ್ಕೊಂಡಿದೀಯಾ?' ಅಪ್ಪ ಮೊದಲ ಸಲ ಅರ್ಧಕ್ಕರ್ಧ ಇಟ್ಟುಕೊಂಡಿದ್ದರು.